ಕಂಕನಾಡಿಯ ಫಾದರ್ ಮುಲ್ಲರ್ ಮತ್ತು ಮಹಾಮಾರಿಯ ದಿನಗಳು

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನವೃತ್ತಾಂತವನ್ನು ಬರೆದುಕೊಡಬೇಕೆಂದು ಸಮಿತಿಯವರು ಅಪೇಕ್ಷಿಸಿದಾಗ, ಬಲಿಪೀಠದ ಗೌರವಕ್ಕೆ ಏರಿದ ಸಂತರೊಬ್ಬರನ್ನು ಆರಿಸಿಕೊಳ್ಳುವುದು ನಮಗೆ ಸುಲಭವಾಗಿತ್ತು. ಆದರೆ ಸಂತ ಪದವಿಗೆ ಏರದ, ನಮ್ಮ ಕರ್ನಾಟಕದ ಮಣ್ಣಿನಲ್ಲಿಯೇ ದುಡಿದು ಮಡಿದ ಗುರುವೊಬ್ಬರನ್ನು ನಾವು ಆರಿಸಿಕೊಂಡಿದ್ದೇವೆ. ಅವರೇ ಮಂಗಳೂರಿನ ಕಂಕನಾಡಿಯ ವಂದನೀಯ ಫಾದರ್ ಅಗಸ್ಟಸ್ ಮುಲ್ಲರ್. ಆಸ್ಪತ್ರೆಯ ಹೆಸರಾಗಿ ಅವರನ್ನು ಅರಿಯದವರು ವಿರಳ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಘಟ್ಟವಿಳಿದು ಆ ಆಸ್ಪತ್ರೆಗೆ ಹೋಗಿಬಂದವರು ನಮ್ಮ ಭಕ್ತಾದಿಗಳಲ್ಲಿಯೂ ಇದ್ದಾರೆ. ಆದರೆ ಆ ಹೆಸರನ್ನು ಹೊತ್ತಿದ್ದ ಮನುಷ್ಯರು ಯಾರು, ಪ್ಲೇಗು ಎಂಬ ಮಹಾಮಾರಿ ನಾಡಿಗೆ ಕಾಲಿಟ್ಟಾಗ ಅವರು ಮಾಡಿದ್ದೇನು ಎಂಬುದನ್ನು ಬಲ್ಲವರು ಹೆಚ್ಚಿಲ್ಲ.

ಪ್ಲೇಗಿನ ಮಾತು ನಮ್ಮ ಕಡೆಯ ವೃದ್ಧರಿಗೆ ಬಹುಕಾಲ ಹೊಸದಾಗಿರಲಿಲ್ಲ. ಇಲಿ ಬಿತ್ತು ಎಂದರೆ ಊರು ಬಿಡಬೇಕು ಎಂಬುದು ಹಳ್ಳಿಹಳ್ಳಿಗೂ ತಿಳಿದಿದ್ದ ಸೂತ್ರ. ಮನೆಗೆ ಬೀಗ ಹಾಕಿ, ದನಕರುಗಳನ್ನು ಹೊಡೆದುಕೊಂಡು, ಬಯಲಿನಲ್ಲಿ ಗುಡಿಸಲು ಕಟ್ಟಿ ತಿಂಗಳುಗಟ್ಟಲೆ ವಾಸಿಸಿದ ಕಥೆಗಳನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಪ್ಲೇಗಮ್ಮ ಎಂಬ ಹೊಸ ದೇವತೆಯೊಬ್ಬಳು ನಾಡಿನಲ್ಲಿ ಹುಟ್ಟಿಕೊಂಡದ್ದು ಆ ಕಾಲದಲ್ಲಿಯೇ. ನಮ್ಮ ಕ್ರೈಸ್ತ ಕುಟುಂಬಗಳಾದರೋ ಸಂತ ಸೆಬಾಸ್ಟಿಯನ್ನರ ಮತ್ತು ಸಂತ ರೋಕರ ಮೊರೆ ಹೊಕ್ಕವು. ಈ ಇಬ್ಬರು ಸಂತರು ಸಾಂಕ್ರಾಮಿಕ ಜಾಡ್ಯಗಳ ಪಾಲಕರೆನಿಸಿಕೊಂಡದ್ದು ಯೂರೋಪಿನಲ್ಲಿ. ಆದ್ದರಿಂದ ಮುಲ್ಲರರ ಕಥೆಗೆ ಮುನ್ನ ಆ ಖಂಡದ ಹಳೆಯ ದುಃಖವನ್ನು ಸ್ವಲ್ಪ ಸ್ಮರಿಸಿಕೊಳ್ಳುವುದು ಅವಶ್ಯ.

1347ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಕಪ್ಪು ಸಮುದ್ರದ ಕಡೆಯಿಂದ ಬಂದ ಹಡಗುಗಳು ಸಿಸಿಲಿಯ ಮೆಸ್ಸೀನಾ ಬಂದರನ್ನು ಮುಟ್ಟಿದವು. ಅವುಗಳೊಡನೆ ಪ್ಲೇಗೂ ದಡಕ್ಕಿಳಿಯಿತು. ಮರುವರ್ಷ ಇಟಲಿ, ಫ್ರಾನ್ಸ್ ದೇಶಗಳು, ಅದರಾಚೆ ಇಂಗ್ಲೆಂಡ್ ಮತ್ತು ಜರ್ಮನಿ ದೇಶಗಳು ಅದರ ಬಾಯಿಗೆ ಬಿದ್ದವು. ಐದಾರು ವರ್ಷಗಳೊಳಗೆ ಯೂರೋಪಿನ ಜನರಲ್ಲಿ ಮೂರರಲ್ಲೊಂದು ಪಾಲು, ಕೆಲವು ವಿದ್ವಾಂಸರ ಲೆಕ್ಕದಲ್ಲಿ ಅರ್ಧದಷ್ಟು ಮಂದಿ, ಅಳಿದುಹೋದರು. ತಂದೆ ಮಗನನ್ನು, ಹೆಂಡತಿ ಗಂಡನನ್ನು ತೊರೆದು ಓಡಿದರೆಂದು ಅಂದಿನ ಇತಿಹಾಸಕಾರರು ಬರೆದಿಟ್ಟಿದ್ದಾರೆ. ಗುರುಗಳಲ್ಲಿಯೂ ಓಡಿದವರಿದ್ದರು, ಅದನ್ನು ಮುಚ್ಚಿಡುವುದರಿಂದ ಧರ್ಮಸಭೆಗೆ ಗೌರವವೇನೂ ಬರುವುದಿಲ್ಲ. ಆದರೆ ಓಡದೆ ಉಳಿದ ಗುರುಗಳು ಎಷ್ಟು ಮಂದಿ ಮಡಿದರೆಂದರೆ, ಇಂಗ್ಲೆಂಡಿನ ಬಾತ್ ಮತ್ತು ವೆಲ್ಸ್ ಪ್ರಾಂತ್ಯದ ಧರ್ಮಾಧ್ಯಕ್ಷರು 1349ರ ಜನವರಿಯಲ್ಲಿ ಒಂದು ಅಸಾಧಾರಣ ಆಜ್ಞೆಯನ್ನು ಹೊರಡಿಸಬೇಕಾಯಿತು. ಸಾಯುವ ವೇಳೆಗೆ ಗುರುಗಳು ದೊರೆಯದಿದ್ದರೆ ವಿಶ್ವಾಸಿಯು ಯಾವನಾದರೂ ಗೃಹಸ್ಥನಲ್ಲಿ, ಅವನೂ ಇಲ್ಲದಿದ್ದರೆ ಸ್ತ್ರೀಯೊಬ್ಬಳಲ್ಲಿಯಾದರೂ ತನ್ನ ಪಾಪಗಳನ್ನು ಹೇಳಿಕೊಳ್ಳಬಹುದೆಂದು ಅವರು ತಿಳಿಸಿದರು. ಇದೇ ಕಾಲದಲ್ಲಿ ಯೆಹೂದ್ಯರು ಬಾವಿಗಳಿಗೆ ವಿಷ ಹಾಕಿದರೆಂಬ ಸುಳ್ಳು ಹಬ್ಬಿ, ಅನೇಕ ನಗರಗಳಲ್ಲಿ ಕ್ರೈಸ್ತರೆನಿಸಿಕೊಂಡವರೇ ಅವರನ್ನು ಸುಟ್ಟು ಕೊಂದರು. ಅವಿಞೋನ್ ನಗರದಲ್ಲಿದ್ದ ಜಗದ್ಗುರು ಆರನೆಯ ಕ್ಲೆಮೆಂಟರು 1348ರಲ್ಲಿ ಈ ಅಪವಾದವನ್ನು ಖಂಡಿಸಿ ಆಜ್ಞಾಪತ್ರಗಳನ್ನು ಕಳುಹಿಸಿದರೂ ಉನ್ಮತ್ತ ಜನರು ಕಿವಿಗೊಡಲಿಲ್ಲ.

ಪ್ಲೇಗು ಮುಂದೆಯೂ ಶತಮಾನಗಳ ಕಾಲ ಮರಳಿ ಮರಳಿ ಬಂದಿತು. ರೋಗಿಗಳ ಸೇವೆ ಮಾಡಿ ತಾನೂ ರೋಗಕ್ಕೆ ತುತ್ತಾಗಿ, ಕಾಡಿನಲ್ಲಿ ನಾಯಿಯೊಂದು ತಂದುಕೊಟ್ಟ ರೊಟ್ಟಿಯಿಂದ ಬದುಕಿ ಉಳಿದರೆಂದು ಪರಂಪರೆ ಹೇಳುವ ಸಂತ ರೋಕರ ಭಕ್ತಿ ಬೆಳೆದದ್ದು ಹೀಗೆ. 1591ರಲ್ಲಿ ರೋಮಾಪುರಿಯನ್ನು ಸಾಂಕ್ರಾಮಿಕ ಜಾಡ್ಯ ಹಿಡಿದಾಗ, ಕಸ್ತಿಲಿಯೋನೆಯ ಅರಸು ಮನೆತನದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸು ಸಭೆಯನ್ನು ಸೇರಿದ್ದ ತರುಣ ಅಲೋಶಿಯಸ್ ಗೊನ್ಜಾಗರು ಬೀದಿಯಲ್ಲಿ ಬಿದ್ದ ರೋಗಿಗಳನ್ನು ಎತ್ತಿ ಆಸ್ಪತ್ರೆಗೆ ಸೇರಿಸುತ್ತ, ಅದೇ ಜಾಡ್ಯಕ್ಕೆ ಬಲಿಯಾಗಿ ಜೂನ್ 21ರಂದು ತಮ್ಮ 23ನೆಯ ವಯಸ್ಸಿನಲ್ಲಿ ದೇಹತ್ಯಾಗ ಮಾಡಿದರು. ಮಂಗಳೂರಿನ ಪ್ರಖ್ಯಾತ ಕಾಲೇಜು ಹೊತ್ತಿರುವುದು ಈ ಸಂತರ ಹೆಸರನ್ನೇ. ಫಾದರ್ ಮುಲ್ಲರರು ಮಂಗಳೂರಿನಲ್ಲಿ ಮೊದಲು ಪಾಠ ಹೇಳಿದ್ದೂ ಆ ಕಾಲೇಜಿನಲ್ಲಿಯೇ.

ಅಗಸ್ಟಸ್ ಮುಲ್ಲರರು ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯದಲ್ಲಿ 1841ರ ಮಾರ್ಚ್ 13ರಂದು ಜನಿಸಿದರು. ತಾರುಣ್ಯದಲ್ಲಿಯೇ ಯೇಸು ಸಭೆಯನ್ನು ಸೇರಿ ಗುರುದೀಕ್ಷೆ ಪಡೆದರು. ಹೋಮಿಯೋಪತಿ ವೈದ್ಯದಲ್ಲಿ ಅವರಿಗೆ ಆಸಕ್ತಿ ಹುಟ್ಟಿದ್ದು ಭಾರತಕ್ಕೆ ಬರುವ ಮೊದಲೇ. ಆ ಪದ್ಧತಿಯನ್ನು ಸ್ಥಾಪಿಸಿದ ಹಾನಿಮನ್ನರು ಜರ್ಮನ್ ವೈದ್ಯರೇ ಆಗಿದ್ದರೆಂಬುದನ್ನು ಓದುಗರು ಬಲ್ಲರು.

ಅತ್ತ ಮಂಗಳೂರಿನ ಕ್ರೈಸ್ತರು ಕಾರ್ಮೆಲ್ ಸಭೆಯ ಗುರುಗಳ ಆಡಳಿತದಲ್ಲಿದ್ದರು. ಮಕ್ಕಳಿಗೆ ಉನ್ನತ ವಿದ್ಯೆ ನೀಡುವ ಕಾಲೇಜು ತಮಗೆ ಬೇಕೆಂದು ಅವರು ರೋಮಿಗೆ ಬಿನ್ನಹಗಳ ಮೇಲೆ ಬಿನ್ನಹಗಳನ್ನು ಕಳುಹಿಸಿದ್ದರು. 1878ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಆ ಪ್ರಾಂತ್ಯವನ್ನು ಯೇಸು ಸಭೆಗೆ ವಹಿಸಿಕೊಟ್ಟರು. ಅದೇ ವರ್ಷದ ಡಿಸೆಂಬರ್ 31ರಂದು ಮಂಗಳೂರಿನ ದಡದಲ್ಲಿ ಇಳಿದ ಮೊದಲ ತಂಡದಲ್ಲಿ ಮುಲ್ಲರರಿದ್ದರು. ಮುಂದೆ ಕೊಂಕಣಿ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ ಫಾದರ್ ಮಫೇಯಿ ಅವರೂ ಅದೇ ತಂಡದವರು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಮುಲ್ಲರರಿಗೆ ದೊರೆತ ಕೆಲಸ ಗಣಿತವನ್ನೂ ಫ್ರೆಂಚ್ ಭಾಷೆಯನ್ನೂ ಕಲಿಸುವುದು.

ಆದರೆ ಮೇಷ್ಟ್ರ ಕೈಯಲ್ಲಿ ಒಂದು ಔಷಧದ ಪೆಟ್ಟಿಗೆ ಇತ್ತು. ಜ್ವರವೆಂದು ಹೊಟ್ಟೆನೋವೆಂದು ಬಂದ ವಿದ್ಯಾರ್ಥಿಗಳಿಗೆ ಆ ಪೆಟ್ಟಿಗೆಯಿಂದ ಸಕ್ಕರೆಯ ಸಣ್ಣ ಗುಳಿಗೆಗಳು ದೊರೆಯುತ್ತಿದ್ದವು. ವಿದ್ಯಾರ್ಥಿಗಳ ಹಿಂದೆ ಅವರ ಮನೆಯವರು, ಮನೆಯವರ ಹಿಂದೆ ಊರಿನ ಬಡವರು ಬಂದರು. ಅದೇ 1880ರಲ್ಲಿ ಬಡವರ ಹೋಮಿಯೋಪತಿ ಔಷಧಾಲಯವು ಪ್ರಾರಂಭವಾಯಿತು. ಕಂಕನಾಡಿಯ ಆಲದ ಮರದ ನೆರಳಿನಲ್ಲಿ ಫಾದರ್ ರೋಗಿಗಳನ್ನು ನೋಡುತ್ತಿದ್ದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಗುರುಗಳಾದವರು ವೈದ್ಯಕ್ಕೆ ಕೈ ಹಾಕುವುದನ್ನು ಧರ್ಮಸಭೆಯ ಕಾನೂನು ಎಂದೂ ಸಲೀಸಾಗಿ ಒಪ್ಪಿದ್ದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಆತ್ಮಗಳ ವೈದ್ಯನು ದೇಹದ ವೈದ್ಯನಾಗಲು ಹೋಗಿ ಎರಡನ್ನೂ ಕೆಡಿಸಿಯಾನೆಂಬ ಅಂಜಿಕೆ ಹಳೆಯದು, ಅಕಾರಣವೂ ಅಲ್ಲ. ಆದರೆ ಮಿಷನ್ ಪ್ರದೇಶಗಳಲ್ಲಿ ವೈದ್ಯರೇ ಇಲ್ಲದ ಕಡೆ ಈ ನಿಯಮ ಸಡಿಲುಗೊಳ್ಳದೆ ಗತ್ಯಂತರವಿರಲಿಲ್ಲ.

ಮುಲ್ಲರರು ಲೆಕ್ಕದ ಮೇಷ್ಟ್ರೆಂಬುದು ಅವರ ವ್ಯವಹಾರಜ್ಞಾನದಲ್ಲಿ ಎದ್ದು ಕಾಣುತ್ತದೆ. ದಾನಕ್ಕೆ ಕೈ ಒಡ್ಡುತ್ತ ಕುಳಿತರೆ ಔಷಧಾಲಯ ಬಹುಕಾಲ ಬಾಳದೆಂದು ಅರಿತ ಅವರು ಔಷಧಗಳನ್ನು ಸಿದ್ಧಪಡಿಸಿ ಟಪಾಲಿನ ಮೂಲಕ ಭಾರತದ ಮೂಲೆಮೂಲೆಗಳಿಗೆ ಮಾರಾಟ ಮಾಡಿದರು. ಅವುಗಳ ಬಳಕೆಯನ್ನು ತಿಳಿಸುವ ಕೈಪಿಡಿಗಳನ್ನೂ ಅಚ್ಚು ಹಾಕಿಸಿದರು. ವೈದ್ಯರು ಇಪ್ಪತ್ತು ಮೂವತ್ತು ಮೈಲಿಗಳಾಚೆ ಇದ್ದ ಹಳ್ಳಿಗಳಲ್ಲಿ ಶಾಲೆಯ ಉಪಾಧ್ಯಾಯರೋ ಗುರುಗಳೋ ಪೆಟ್ಟಿಗೆ ತರಿಸಿಟ್ಟುಕೊಂಡು ನೆರೆಹೊರೆಯವರಿಗೆ ಕೊಡಬಹುದಾದ ಔಷಧ ಅದಾಗಿತ್ತು. ಕೊಳ್ಳಬಲ್ಲವರು ತೆತ್ತ ಹಣದಿಂದ ಕೊಳ್ಳಲಾರದವರ ಶುಶ್ರೂಷೆ ನಡೆಯಿತು. ನಮ್ಮ ಧರ್ಮಕೇಂದ್ರಗಳ ಸಂಘಸಂಸ್ಥೆಗಳವರು ಈ ಭಾಗವನ್ನು ಎರಡು ಬಾರಿ ಓದಿದರೆ ನಮಗೆ ಸಂತೋಷವೇ.

1889ರ ಏಪ್ರಿಲಿನಲ್ಲಿ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ನಡುವೆ ಕುಷ್ಠರೋಗಿಯಾಗಿಯೇ ಫಾದರ್ ಡೇಮಿಯನ್ನರು ನಿಧನರಾದರು. ಮರುವರ್ಷ, 1890ರಲ್ಲಿ, ಮುಲ್ಲರರು ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಶ್ರಮವನ್ನು ತೆರೆದರು. ಊರ ಹೊರಗೆ ಮರದಡಿಯಲ್ಲಿ ಕೊಳೆಯುತ್ತಿದ್ದವರಿಗೆ ಅಲ್ಲಿ ಸೂರು, ಅನ್ನ, ಗಾಯಕ್ಕೆ ಪಟ್ಟಿ ದೊರೆತವು. ಆ ರೋಗಕ್ಕೆ ಆಗ ಯಾವ ಪದ್ಧತಿಯಲ್ಲಿಯೂ ನಿಶ್ಚಿತವಾದ ಮದ್ದಿರಲಿಲ್ಲ.

ಪ್ಲೇಗು ಬಂದದ್ದು ಇದಾದ ಮೇಲೆ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಹಬ್ಬುತ್ತಿದ್ದ ಜ್ವರವು ಪ್ಲೇಗೇ ಎಂದು ಮೊದಲು ಗುರುತಿಸಿದವರು ಗೋವೆಯ ಕಥೋಲಿಕ ವೈದ್ಯರಾದ ಅಕಾಸಿಯೋ ವಿಯೇಗಸ್. ಹೆದರಿದ ಜನರು ರೈಲು, ಹಡಗುಗಳನ್ನೇರಿ ಓಡಿದರು, ರೋಗವೂ ಅವರೊಡನೆ ಓಡಿತು. 1898ರಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲುಮಾರ್ಗವಾಗಿ ಮೈಸೂರು ಸಂಸ್ಥಾನವನ್ನು ಹೊಕ್ಕು, ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡಿತು. ಆ ಹಳಿಗಳು ಹಾದುಹೋಗುವುದು ಎಲ್ಲಿಂದ? ಹರಿಹರ, ದಾವಣಗೆರೆ, ಚಿಕ್ಕಜಾಜೂರು, ರಾಮಗಿರಿ, ಹೊಸದುರ್ಗ ರೋಡ್, ಬೀರೂರು. ಇವುಗಳಲ್ಲಿ ಬೀರೂರೊಂದನ್ನು ಬಿಟ್ಟರೆ ಉಳಿದುವೆಲ್ಲ ಅಂದಿನ ಚಿತ್ರದುರ್ಗ ಜಿಲ್ಲೆಯವೇ. ದುರ್ಗದ ಪಟ್ಟಣಕ್ಕೆ ಆಗಿನ್ನೂ ರೈಲಿರಲಿಲ್ಲ. ಆದರೂ ಮಹಾಮಾರಿ ನಡೆದು ಬಂದ ದಾರಿ ನಮ್ಮ ಹಿತ್ತಲಿನಲ್ಲಿಯೇ ಇತ್ತು. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟೆ ಕಟ್ಟುವ ಮಹಾಕಾರ್ಯ ಪ್ರಾರಂಭವಾದದ್ದೂ ಅದೇ 1898ರಲ್ಲಿ. ಒಂಬತ್ತು ವರ್ಷ ನಡೆದ ಆ ಕೆಲಸದ ಕಾಲವೆಲ್ಲ ಪ್ಲೇಗಿನ ಕಾಲವೂ ಆಗಿತ್ತು.

ಸರ್ಕಾರಗಳು ಸುಮ್ಮನೆ ಕೂರಲಿಲ್ಲ. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಮೈಸೂರು ಸಂಸ್ಥಾನವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ರೈಲುನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಮನೆಗಳ ಶೋಧನೆ, ರೋಗಿಗಳನ್ನು ಪ್ರತ್ಯೇಕ ಶಿಬಿರಗಳಿಗೆ ಸಾಗಿಸುವುದು, ಮನೆಯ ಹೆಂಚು ತೆಗೆದು ಬಿಸಿಲು ಬೀಳಿಸುವುದು ಇವೆಲ್ಲ ನಡೆದವು. ಉದ್ದೇಶ ಒಳ್ಳೆಯದಾಗಿದ್ದರೂ ಜನರು ಇದನ್ನು ರೋಗಕ್ಕಿಂತ ಹೆಚ್ಚು ಹೆದರಿದರು. ಶಿಬಿರಕ್ಕೆ ಹೋದವನು ಹಿಂದಿರುಗಲಾರನೆಂಬ ಭಯದಿಂದ ರೋಗಿಗಳನ್ನು ಅಟ್ಟದ ಮೇಲೆ ಅಡಗಿಸಿಟ್ಟರು, ಹೆಣಗಳನ್ನು ರಾತ್ರಿ ಹೂಳಿದರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಎಂಬವರು 1897ರಲ್ಲಿ ಗುಂಡಿಗೆ ಬಲಿಯಾದರು. 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದಂಗೆಯೇ ಆಯಿತು. ಒಂದು ಕಡೆ ರೋಗಿಯನ್ನು ಎಳೆದೊಯ್ಯುವ ಕೈ, ಇನ್ನೊಂದು ಕಡೆ ರೋಗಿಯನ್ನು ಬಿಟ್ಟೋಡುವ ಕಾಲು; ನಡುವೆ ರೋಗಿಯ ಪಕ್ಕದಲ್ಲಿ ಕುಳಿತುಕೊಳ್ಳುವವರು ಎಲ್ಲಿಯೂ ಸಾಲದಾದರು.

ಮಂಗಳೂರಿಗೆ 1907ರವರೆಗೆ ರೈಲಿರಲಿಲ್ಲ. ಮುಂಬಯಿಯೊಡನೆ ಅದರ ಸಂಬಂಧ ಸಮುದ್ರದ ಮೂಲಕ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆ ಊರನ್ನೂ ಪ್ಲೇಗು ಹಿಡಿಯಿತು. ಮುಲ್ಲರರಿಗೆ ಆಗ ಅರವತ್ತು ದಾಟಿತ್ತು. ಆ ವಯಸ್ಸಿನವರೇ ಆದ ನಾವು ಇದನ್ನು ಬರೆಯುವಾಗ ಸ್ವಲ್ಪ ನಿಲ್ಲುತ್ತೇವೆ: ಇಪ್ಪತ್ತೆರಡು ವರ್ಷಗಳ ದುಡಿಮೆಯ ನಂತರ, ಕುಷ್ಠರೋಗಿಗಳ ಹೊರೆಯೂ ತಲೆಯ ಮೇಲಿರುವಾಗ, ಇದು ಸರ್ಕಾರದ ಕೆಲಸವೆಂದು ಅವರು ಹೇಳಿದ್ದರೆ ತಪ್ಪು ಹಿಡಿಯುವವರು ಯಾರೂ ಇರಲಿಲ್ಲ. ಅವರು 1902ರಲ್ಲಿ ಕಂಕನಾಡಿಯಲ್ಲಿ ಪ್ಲೇಗು ರೋಗಿಗಳಿಗಾಗಿಯೇ ಆಸ್ಪತ್ರೆಯೊಂದನ್ನು ತೆರೆದರು.

ಪ್ಲೇಗು ಆಸ್ಪತ್ರೆಯ ಕೆಲಸವೆಂದರೆ ಏನೆಂಬುದನ್ನು ಇಂದಿನ ತರುಣರಿಗೆ ವಿವರಿಸಬೇಕಾದೀತು. ರೋಗಿಗೆ ಇದ್ದಕ್ಕಿದ್ದಂತೆ ಚಳಿಜ್ವರ, ತಲೆಸಿಡಿತ. ಅನಂತರ ತೊಡೆಯ ಸಂದಿಯಲ್ಲೋ ಕಂಕುಳಲ್ಲೋ ಕುತ್ತಿಗೆಯಲ್ಲೋ ಮುಟ್ಟಲಾರದಷ್ಟು ನೋಯುವ ಗೆಡ್ಡೆ. ಜ್ವರ ತಲೆಗೇರಿದವರು ಸನ್ನಿಯಲ್ಲಿ ಎದ್ದು ಓಡಲೆಳಸುತ್ತಾರೆ. ರೋಗದಿಂದ ಹೃದಯ ಬಲಗುಂದಿರುವುದರಿಂದ ಹಾಗೆ ಎದ್ದು ನಿಂತವರು ಅಲ್ಲಿಯೇ ಕುಸಿದು ಪ್ರಾಣ ಬಿಡುವುದುಂಟು. ಮದ್ದಿಲ್ಲದ ಆ ಕಾಲದಲ್ಲಿ ರೋಗ ತಗುಲಿದವರಲ್ಲಿ ಅರ್ಧದಷ್ಟು ಮಂದಿ, ಹಲವೆಡೆ ಅದಕ್ಕೂ ಹೆಚ್ಚು, ವಾರದೊಳಗೆ ಸಾಯುತ್ತಿದ್ದರು. ಇಂಥವರನ್ನು ಮಲಗಿದಲ್ಲಿಯೇ ಮಲಗಿಸಿ, ನೀರು, ಗಂಜಿ, ಹಾಲನ್ನು ಚಮಚೆಯಲ್ಲಿ ಬಾಯಿಗೆ ಬಿಟ್ಟು, ಗೆಡ್ಡೆ ಒಡೆದರೆ ತೊಳೆದು ಕಟ್ಟಿ, ಹಗಲಿರುಳು ಕಾಯಬೇಕು. ಸಾಯುವವರಿಗೆ ಪಾಪನಿವೇದನೆಯ, ಅಭ್ಯಂಗದ ಸಂಸ್ಕಾರಗಳನ್ನು ಕೊಡಬೇಕು. ಅನ್ಯಮತದವರಾದರೆ ಕೈ ಹಿಡಿದು ಕುಳಿತಿರಬೇಕು.

ಈಗ ಒಂದು ಸೂಕ್ಷ್ಮವಾದ ಪ್ರಶ್ನೆಗೆ ಬರೋಣ. ಫಾದರ್ ಮುಲ್ಲರರ ಗುಳಿಗೆಗಳು ಪ್ಲೇಗನ್ನು ಗುಣಪಡಿಸಿದವೇ? ಗುಣಪಡಿಸಿದವೆಂದು ನಂಬಿದವರು ಅಂದು ಬಹಳ ಮಂದಿ ಇದ್ದರು. ಭಕ್ತಿಪೂರ್ವಕವಾದ ಬರಹಗಳಲ್ಲಿ ಹಾಗೆಯೇ ಬರೆಯುವುದು ವಾಡಿಕೆ. ನಾವು ಹಾಗೆ ಬರೆಯಲಾರೆವು. ಪ್ಲೇಗಿನ ಅಣುಜೀವಿಯನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಕಂಡುಹಿಡಿದಿದ್ದರು. 1897ರ ಜನವರಿಯಲ್ಲಿ ಹಾಫ್ಕಿನ್ ಎಂಬವರು ಮುಂಬಯಿಯಲ್ಲಿ ಲಸಿಕೆ ತಯಾರಿಸಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದರು. ಆದರೆ ರೋಗ ಬಂದ ಮೇಲೆ ಅದನ್ನು ನಿಶ್ಚಿತವಾಗಿ ಗೆಲ್ಲುವ ಔಷಧ ಜಗತ್ತಿಗೆ ದೊರೆತದ್ದು 1940ರ ದಶಕದಲ್ಲಿ, ಸ್ಟ್ರೆಪ್ಟೋಮೈಸಿನ್ ಬಂದಾಗ. ಅದಕ್ಕೆ ಹಿಂದೆ ಹೋಮಿಯೋಪತಿಯಾಗಲಿ, ಆಯುರ್ವೇದವಾಗಲಿ, ಇಂಗ್ಲಿಷ್ ಔಷಧವಾಗಲಿ ಪ್ಲೇಗನ್ನು ಗುಣಪಡಿಸಿದವೆಂದು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಸತ್ಯವನ್ನು ಹೇಳಿದರೆ ಮುಲ್ಲರರ ಕೀರ್ತಿಗೆ ಕುಂದು ಬಂದೀತೆಂದು ಅಂಜುವವರು ಅವರು ಮಾಡಿದ ಕೆಲಸವನ್ನೇ ಸರಿಯಾಗಿ ನೋಡಿಲ್ಲ. ಬಾಯಾರಿದವನಿಗೆ ನೀರು, ಬಲಗುಂದಿದವನಿಗೆ ವಿಶ್ರಾಂತಿ, ಭಯಗೊಂಡವನಿಗೆ ಜೊತೆ ಇವುಗಳಿಂದ ಬದುಕಿ ಉಳಿಯುವ ರೋಗಿಗಳಿರುತ್ತಾರೆ. ಇವು ಇಲ್ಲದೆ ಸಾಯುವವರೂ ಇರುತ್ತಾರೆ.

ಇನ್ನೂ ಒಂದು ಮಾತುಂಟು. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಸೀಮೋನ್ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರೂ ಹಲವು ವರ್ಷ ಅದನ್ನು ವಿದ್ವಾಂಸರು ಒಪ್ಪಲಿಲ್ಲ. ಇಲಿ ಸತ್ತಾಗ ಅದರ ಮೈ ಬಿಟ್ಟ ಚಿಗಟ ಮನುಷ್ಯನನ್ನು ಕಚ್ಚುತ್ತದೆ. ಹಾಗಾದರೆ ಇಲಿ ಬಿದ್ದೊಡನೆ ಊರು ಬಿಟ್ಟು ಬಯಲು ಸೇರಿದ ನಮ್ಮ ಹೊಸದುರ್ಗ, ಹೊಳಲ್ಕೆರೆ ಸೀಮೆಯ ರೈತರು ಯಾವ ಪುಸ್ತಕವನ್ನೂ ಓದದೆ ಸರಿಯಾದುದನ್ನೇ ಮಾಡಿದ್ದರು. ಆದರೆ ರೋಗಿಯನ್ನು ಮುಟ್ಟಿದರೆ ಸಾವು ಎಂದು ಅವನನ್ನು ತೊರೆದವರು ತಪ್ಪಿದರು. ಗೆಡ್ಡೆಯ ಪ್ಲೇಗು, ಶ್ವಾಸಕೋಶಕ್ಕೆ ಇಳಿಯದ ಹೊರತು, ಒಬ್ಬರಿಂದೊಬ್ಬರಿಗೆ ಸುಲಭವಾಗಿ ಅಂಟುವಂಥದಲ್ಲ. ಇಲಿಗಳಿಲ್ಲದ, ಗಾಳಿಬೆಳಕಿನ ಆಸ್ಪತ್ರೆಗಳಲ್ಲಿ ಶುಶ್ರೂಷೆ ಮಾಡಿದವರಿಗೆ ರೋಗ ತಗುಲಿದ್ದು ಬಹು ವಿರಳವೆಂದು ಭಾರತದ ಪ್ಲೇಗು ವೈದ್ಯರು ಆಗಲೇ ಗಮನಿಸಿದ್ದರು. ಹೀಗೆ ಬಿಡಬೇಕಾದದ್ದು ಮನೆಯನ್ನು, ರೋಗಿಯನ್ನಲ್ಲ. 1902ರಲ್ಲಿ ಇದನ್ನು ಖಚಿತವಾಗಿ ತಿಳಿಸುವವರು ಯಾರೂ ಇರಲಿಲ್ಲ. ಫಾದರ್ ಮುಲ್ಲರರು ಅಪಾಯ ಕಡಿಮೆಯೆಂದು ತಿಳಿದು ರೋಗಿಯ ಬಳಿ ಹೋದವರಲ್ಲ. ಮುಟ್ಟಿದರೆ ಸಾವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಹೋದರು. 2020 ಮತ್ತು 2021ರಲ್ಲಿ ಕೋವಿಡ್ ಜಾಡ್ಯ ಬಂದಾಗ, ನಾಲ್ಕೈದು ಮಂದಿ ಮಾತ್ರ ನಿಂತು ಮಣ್ಣು ಕೊಟ್ಟ ಅಂತ್ಯಕ್ರಿಯೆಗಳನ್ನು ಕಂಡ ನಮಗೂ ನಮ್ಮ ಓದುಗರಿಗೂ ಆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ರಿಟಿಷ್ ಸರ್ಕಾರವು ಮುಲ್ಲರರ ಸೇವೆಯನ್ನು ಮೆಚ್ಚಿ ಕೈಸರ್-ಎ-ಹಿಂದ್ ಪದಕವನ್ನು ನೀಡಿತು. ಪ್ಲೇಗು ಅವರನ್ನು ಕೊಲ್ಲಲಿಲ್ಲ. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ತಮ್ಮ 69ನೆಯ ವಯಸ್ಸಿನಲ್ಲಿ ಅವರು ಮಂಗಳೂರಿನಲ್ಲಿ ನಿಧನರಾದರು. ಸ್ವದೇಶವನ್ನು ಬಿಟ್ಟು ಬಂದು ಮೂವತ್ತೆರಡು ವರ್ಷಗಳಾಗುತ್ತ ಬಂದಿತ್ತು. ನಾಡಿನಲ್ಲಿ ಪ್ಲೇಗು ಆಗಲೂ ನಿಂತಿರಲಿಲ್ಲ. 1896ರಿಂದ ಸುಮಾರು ಎರಡು ದಶಕಗಳಲ್ಲಿ ಭಾರತದಲ್ಲಿ ಅದು ಒಂದು ಕೋಟಿಗೆ ಕಡಿಮೆಯಿಲ್ಲದಷ್ಟು ಜೀವಗಳನ್ನು ನುಂಗಿತೆಂದು ಲೆಕ್ಕವಿದೆ.

ಆಲದ ಮರದ ನೆರಳಿನ ಔಷಧಾಲಯ ಮುಲ್ಲರರ ತರುವಾಯ ಮುಚ್ಚಲಿಲ್ಲ. ಪ್ಲೇಗು ಆಸ್ಪತ್ರೆಯ ಅವಶ್ಯಕತೆ ಕಾಲಕ್ರಮದಲ್ಲಿ ಇಲ್ಲವಾಯಿತು. ಸಾಮಾನ್ಯ ರೋಗಿಗಳ ಆಸ್ಪತ್ರೆ ಬೆಳೆಯಿತು. 1985ರಲ್ಲಿ ಅವರ ಹೆಸರಿನ ಹೋಮಿಯೋಪತಿ ಕಾಲೇಜು, 1999ರಲ್ಲಿ ಅದೇ ಹೆಸರಿನ ವೈದ್ಯಕೀಯ ಕಾಲೇಜು ಪ್ರಾರಂಭವಾದವು. ಗುಳಿಗೆಯನ್ನು ನಂಬುವವರೂ ನಂಬದವರೂ ಈಗ ಒಬ್ಬನೇ ಗುರುವಿನ ಹೆಸರಿನಡಿಯಲ್ಲಿ ವೈದ್ಯ ಕಲಿಯುತ್ತಿದ್ದಾರೆ.